ಪಟ್ಟಿ ಮೇಷ್ಟ್ರಿಗೆ ಮಾತ್ರ ಹೇಳಿದ್ದು

ತರೀಕೆರೆಯ ಶಾಲೆಯಲ್ಲಿ ನಡೆದ ಪಟ್ಟಿ ಮೇಷ್ಟ್ರ ಸಂತಾಪ ಸಭೆಯಲ್ಲಿ ಏಳು ಜನ ಮಾತಾಡಿದರು. ಏಳೂ ಜನ ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಮನೆತನಗಳು ಮೇಷ್ಟ್ರಿಗೆ ಬಾಯಿಪಾಠವಾಗಿದ್ದವು. ಕೇಳಿದವರಿಗೆಲ್ಲ ಗೊತ್ತಿದ್ದನ್ನು ಕೊಟ್ಟರು. ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತು ಈ ಮಾತನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದೆ. ಪಿಯುಸಿಯಿಂದ ಲಾ ಮುಗಿಸುವವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ಯಾರಾದರೂ ‘ಎಲ್ಲರಿಗೂ’, ‘ಯಾವತ್ತೂ’ ಎಂದರೆ ನನ್ನ ಕಿವಿ ನಿಮಿರುತ್ತದೆ. ಒಂದೇ ಒಂದು ವಿರುದ್ಧ ಉದಾಹರಣೆ ಸಿಕ್ಕರೂ ಅಂಥ ಮಾತು ನಿಲ್ಲುವುದಿಲ್ಲ.

ಬಾಯಿಪಾಠ ಎನ್ನುವುದು ಸುಳ್ಳು. ಮೇಷ್ಟ್ರ ನೆನಪಿನ ಶಕ್ತಿ ಸಾಧಾರಣದ್ದು. ನನ್ನ ಹೆಸರನ್ನೇ ಮೂರು ಸಲ ತಪ್ಪಾಗಿ ಕರೆದಿದ್ದಾರೆ. ಒಮ್ಮೆ ಬೀರೂರಿನಲ್ಲಿ ಇಳಿಯುವುದನ್ನು ಮರೆತು ಕಡೂರಿಗೆ ಬಂದು, ಬಂದದ್ದಾಯಿತಲ್ಲ ಎಂದು ನಮ್ಮ ಆಫೀಸಿಗೆ ಬಂದು ಕೂತಿದ್ದರು. ಯಾರಿಂದಲೂ ಮುಚ್ಚಿಡಲಿಲ್ಲ ಎನ್ನುವುದೂ ಸುಳ್ಳು. ಅದಕ್ಕೆ ವಿರುದ್ಧ ಉದಾಹರಣೆ ನಾನೇ. ನನ್ನ ಅಜ್ಜಿ ತನ್ನ ಮದುವೆಯ ಬಗ್ಗೆ ನನಗೆ ಹೇಳದ ಸಂಗತಿಯೊಂದನ್ನು ಅವರಿಗೆ ಹೇಳಿದಳು. ಅವರು ಅದನ್ನು ನನಗೆ ಹೇಳದೆ ಹೋಗಿಬಿಟ್ಟರು.

ಮೇಷ್ಟ್ರು ಅಜ್ಜಂಪುರದವರು. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದರು, ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಸರ್ವಿಸಿನುದ್ದಕ್ಕೂ ಮತದಾರರ ಪಟ್ಟಿ ಬರೆಯುವ ಡ್ಯೂಟಿ ಅವರಿಗೆ ಬೀಳುತ್ತಿತ್ತು. ಬೇರೆ ಮೇಷ್ಟ್ರುಗಳು ಹೇಗಾದರೂ ತಪ್ಪಿಸಿಕೊಳ್ಳಲು ನೋಡುತ್ತಿದ್ದ ಆ ಕೆಲಸವನ್ನು ಇವರು ಕೇಳಿ ಹಾಕಿಸಿಕೊಳ್ಳುತ್ತಿದ್ದರಂತೆ. ಮನೆ ಮನೆಗೆ ಹೋಗುವುದು, ಹದಿನೆಂಟು ತುಂಬಿದವರನ್ನು, ಅದಕ್ಕೂ ಹಿಂದೆ ಇಪ್ಪತ್ತೊಂದು ತುಂಬಿದವರನ್ನು ಬರೆದುಕೊಳ್ಳುವುದು, ಸತ್ತವರ ಹೆಸರು ಹೊಡೆದುಹಾಕುವುದು. ಚುನಾವಣೆ ಮುಗಿದ ಮೇಲೆ ಪಕ್ಷಗಳ ಏಜೆಂಟರ ಮನೆಗೆ ಹೋಗಿ, ಅವರು ಬೂತಿನಲ್ಲಿ ಇಟ್ಟುಕೊಂಡು ಗೀಚಿದ್ದ ಪ್ರತಿಗಳನ್ನು ಕೇಳಿ ತರುತ್ತಿದ್ದರು. ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಚುನಾವಣೆ ಮುಗಿದ ಮರುದಿನ ಆ ಕಾಗದ ಯಾರಿಗೆ ಬೇಕು? ಸಿಂಗಟಗೆರೆಯ ಮುದುಕರೊಬ್ಬರು, ತಾವು ಏಜೆಂಟರಾಗಿದ್ದ ಕಾಲದ ಇಡೀ ಗಂಟನ್ನು ಸಾಯುವ ಮುಂಚೆ ಇವರಿಗೆ ಒಪ್ಪಿಸಿದ್ದರು. ಹಾಗೆ ಇವರು ಮೇಷ್ಟ್ರಾಗುವುದಕ್ಕಿಂತ ಮೊದಲಿನ ಪಟ್ಟಿಗಳೂ ಇವರಲ್ಲಿ ಸೇರಿದ್ದವು. ಎಲ್ಲವನ್ನೂ ಶಾಲೆಯ ಹರಿದ ಭೂಪಟಗಳ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದರು. ತಮ್ಮ ಮನೆತನದ ಮೂಲ ಕೇಳಿಕೊಂಡು ಬಂದವರಿಗೆ ಅವನ್ನು ಬಿಚ್ಚಿ ನೋಡಿ ಹೇಳುತ್ತಿದ್ದರು.

ನಾನು ಮೊದಲು ಅವರ ಮನೆಗೆ ಹೋದದ್ದು ಕೋರ್ಟಿನ ಕೆಲಸಕ್ಕೆ. ಕಡೂರಿನಲ್ಲಿ ನಾನು ಜೂನಿಯರ್ ಆಗಿರುವ ವಕೀಲರು ಒಬ್ಬ ಕಕ್ಷಿದಾರನ ತಾತ ಯಾವ ಬೀದಿಯಲ್ಲಿದ್ದ ಎಂದು ನೋಡಿಸಿಕೊಂಡು ಬಾ ಎಂದು ಕಳಿಸಿದ್ದರು. ಹೋದವಳು ಕೂರುವ ಮೊದಲೇ ವಾದ ಶುರುಮಾಡಿದೆ. ಮನೆಯವರು ಹೇಳಿದ್ದನ್ನು ಮೇಷ್ಟ್ರೊಬ್ಬರು ಬರೆದುಕೊಂಡ ಪಟ್ಟಿ ಇದು, ವಯಸ್ಸಿಗೂ ಪುರಾವೆಯಿಲ್ಲ, ಸಂಬಂಧಕ್ಕೂ ಪುರಾವೆಯಿಲ್ಲ, ಇದನ್ನಿಟ್ಟುಕೊಂಡು ಮನೆತನಗಳ ಇತಿಹಾಸ ಹೇಗೆ ಹೇಳುತ್ತೀರಿ ಎಂದೆ.

“ಹೌದಮ್ಮ, ವಯಸ್ಸೆಲ್ಲ ಸುಳ್ಳೇ” ಎಂದರು, ಗಂಟು ಬಿಚ್ಚುತ್ತಾ. “ಇಲ್ನೋಡು, ಈಯಮ್ಮಂಗೆ ಮೂರು ಎಲೆಕ್ಷನ್ ಆದ್ರೂ ಮೂವತ್ತೈದೇ. ನಾನೇ ಬರ್ದಿದ್ದು.”

“ಮತ್ತೆ?”

“ಮತ್ತೇನು, ಅವ್ರು ಹೇಳಿದ್ರು, ನಾನು ಬರ್ದೆ. ನಿಮ್ಮ ಕಕ್ಷಿದಾರರ ಊರು ಯಾವ್ದು ಹೇಳು.”

ವಾದಕ್ಕೆ ಎದುರು ನಿಲ್ಲದವರ ಜೊತೆ ವಾದ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅವರು ಪಟ್ಟಿ ಓದುತ್ತಿದ್ದ ಕ್ರಮವೇ ಬೇರೆ. ನಾವೆಲ್ಲ ಹೆಸರು ಹುಡುಕುತ್ತೇವೆ. ಅವರು ಹೆಸರಿನ ಕಾಲಂ ಮೇಲೆ ಅಂಗೈ ಮುಚ್ಚಿ, ಬರೀ ಮನೆ ನಂಬರುಗಳ ಮೇಲೆ ಬೆರಳಾಡಿಸಿಕೊಂಡು ಹೋಗುತ್ತಿದ್ದರು. ಬರೆದವನು ಬೀದಿಯಲ್ಲಿ ಹೇಗೆ ನಡೆದ ಎನ್ನುವುದು ಮೊದಲು ಸಿಗಬೇಕು ಎನ್ನುವುದು ಅವರ ಲೆಕ್ಕ. ಎಲ್ಲಿ ತಿರುಗಿದ, ಯಾವ ಮನೆ ಬಿಟ್ಟು ಆಮೇಲೆ ವಾಪಸು ಬಂದ, ಎಲ್ಲಿ ಬಿಸಿಲಿಗೆ ಸಾಕಾಗಿ ಪಕ್ಕದ ಮನೆಯವರನ್ನೇ ಕೇಳಿ ಬರೆದುಕೊಂಡ. ಹದಿನಾಲ್ಕನೇ ನಂಬರಿನ ಮನೆ ಮುಂದಿನ ಪಟ್ಟಿಯಲ್ಲಿ ಹದಿನಾಲ್ಕು, ಹದಿನಾಲ್ಕು ಬಾರ್ ಒಂದು ಎಂದಾಗಿದ್ದರೆ ನಡುವೆ ಗೋಡೆ ಎದ್ದಿದೆ, ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ. ಏಜೆಂಟರು ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದರೆ ಆ ಮನುಷ್ಯ ಅವತ್ತು ಊರಲ್ಲಿದ್ದ. ಸೊನ್ನೆ ಸುತ್ತಿದ್ದರೆ ಆ ಹೊತ್ತಿಗೆ ತೀರಿಕೊಂಡಿದ್ದ. ಇದು ನೆನಪಿನ ಶಕ್ತಿಯಲ್ಲ, ಶಿಸ್ತು. ನಾನು ಎರಡು ತಿಂಗಳಲ್ಲಿ ಕಲಿತೆ. ಅವರಿಗಿಂತ ಬೇಗ ಓದುವುದನ್ನೂ ಕಲಿತೆ.

ಒಮ್ಮೆ ಅವರ ತಪ್ಪನ್ನೂ ಹಿಡಿದೆ. ತರೀಕೆರೆಯ ಒಂದು ಮನೆತನದ ಇಬ್ಬರನ್ನು ಅವರು ಅಪ್ಪಮಗ ಎಂದು ಗುರುತು ಹಾಕಿದ್ದರು. ಅವರು ಅಣ್ಣತಮ್ಮಂದಿರು ಎಂದು ನಾನು ಮೂರು ಪಟ್ಟಿ ಮುಂದಿಟ್ಟು ತೋರಿಸಿದೆ. ಗೆದ್ದ ಖುಷಿಯಲ್ಲಿ ಅವರ ಮುಖವನ್ನೇ ನೋಡುತ್ತಿದ್ದೆ. ಮೇಷ್ಟ್ರು “ಹೌದಲ್ಲ” ಎಂದು, ಪೆನ್ಸಿಲನ್ನು ನನ್ನ ಕೈಗೇ ಕೊಟ್ಟು, “ನೀನೇ ತಿದ್ದು, ಪಕ್ಕದಲ್ಲಿ ನಿನ್ನ ಇನಿಷಿಯಲ್ ಹಾಕು, ನಾಳೆ ಯಾರಾದ್ರೂ ಕೇಳಿದ್ರೆ ನಿನ್ನೇ ಕೇಳ್ಲಿ” ಎಂದರು. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಯಾರು ಗೆದ್ದರು ಎನ್ನುವುದೇ ನನಗೆ ಗೊತ್ತಾಗಲಿಲ್ಲ. ಅವರ ಹತ್ತಿರ ಬರುವ ಜನ ಅವರನ್ನು ನೋಡುತ್ತಿದ್ದ ರೀತಿ ನನಗೆ ಬೇಕಿತ್ತು. ಅದಕ್ಕೆ ಅವರಿಗಿಂತ ಚೆನ್ನಾಗಿ ಪಟ್ಟಿ ಓದಿದರೆ ಸಾಕು ಎಂದುಕೊಂಡಿದ್ದೆ.

ಅವರ ಗಂಟುಗಳಲ್ಲಿ ಒಂದು ಹಾಳೆ ಮಾತ್ರ ಬೇರೆಯಾಗಿ, ರಟ್ಟಿನ ಮಧ್ಯೆ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಬರೆದದ್ದು. ಹೊಲದ ಕೆಲಸದ ಕಾಲ, ಮಟಮಟ ಮಧ್ಯಾಹ್ನ, ಮನೆಗಳಲ್ಲಿ ಹೆಂಗಸರು ಮಾತ್ರ. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಈಗಲೂ ನಮ್ಮಜ್ಜಿ ಹೇಳುವುದಿಲ್ಲ; ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನ ಕಡೆ ತಿರುಗಿ “ಹೇಳೇ” ಎನ್ನುತ್ತಾಳೆ. ಪಟ್ಟಿಯಲ್ಲೋ ಗಂಡನ ಹೆಸರಿಗೆ ಒಂದು ಕಾಲಂ, ಅದನ್ನು ತುಂಬಲೇಬೇಕು. ಆ ಮನೆಯ ಸೊಸೆಯನ್ನು ಮೇಷ್ಟ್ರು ಕೇಳಿದರಂತೆ, “ನಿಮ್ಮ ಯಜಮಾನ್ರ ಹೆಸರೇನಮ್ಮ?” ಆಕೆ ನಾಚಿಕೊಂಡು ಗೋಡೆಯ ಫೋಟೋದ ಕಡೆ ಕೈ ತೋರಿಸಿದಳು. ಫೋಟೋದ ಕೆಳಗೆ ಹೆಸರಿತ್ತು. ಇವರು ಅದನ್ನೇ ಬರೆದುಕೊಂಡು ಬಂದರು. ಮನೆಯ ಯಜಮಾನರ ಹೆಸರು ಕೇಳುತ್ತಿದ್ದಾರೆ ಎಂದುಕೊಂಡು ಆಕೆ ತೋರಿಸಿದ್ದು ಮಾವನ ಫೋಟೋ.

“ವೋಟಿನ ದಿನ ಬೂತಲ್ಲಿ ಜೋರಾಗಿ ಓದ್ಬಿಟ್ರು ಕಣಮ್ಮ. ಇಂಥೋರು, ಗಂಡ ಇಂಥೋರು ಅಂತ. ಎಲ್ಲ ನಕ್ಕರು. ಆಯಮ್ಮ ಸೆರಗು ಬಾಯಿಗಿಟ್ಕೊಂಡು ಹೊರಟೋದ್ರು.”

“ತಿದ್ದಿಲ್ವಾ?”

“ಮುಂದಿನ ಸಲಕ್ಕೆ ತಿದ್ದಿದೆ. ಮನೆಗೆ ಹೋಗಿ ತಪ್ಪಾಯ್ತು ಅಂದೂ ಬಂದೆ. ಅಲ್ಲಿಂದ ಎಲ್ಲ ಪಟ್ಟೀನೂ ನೋಡಿದೀನಿ, ಆಯಮ್ಮನ ಹೆಸರಿನ ಮುಂದೆ ಟಿಕ್ಕೇ ಇಲ್ಲ. ಸಾಯೋವರ್ಗೂ ವೋಟಿಗೆ ಬರ್ಲಿಲ್ಲ.”

ಆಮೇಲೆ ಅವರು ಸಾಯಂಕಾಲವೇ ಹೋಗುತ್ತಿದ್ದರಂತೆ, ಗಂಡಸರು ಮನೆಗೆ ಬಂದ ಮೇಲೆ. ಸಭೆಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಯಾರಿಗೂ ಗೊತ್ತಿರಲಿಲ್ಲವೇನೋ. ನನಗೆ ಮಾತ್ರ ಹೇಳಿದ್ದು ಎಂದುಕೊಂಡರೆ ಇವತ್ತಿಗೂ ಸ್ವಲ್ಪ ಸಮಾಧಾನವಾಗುತ್ತದೆ, ಸುಳ್ಳೇಕೆ.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮದು ಮೂಲ ಸಿಂಗಟಗೆರೆ. ಅಪ್ಪನ ಕಾಲಕ್ಕೆ ಕಡೂರಿಗೆ ಬಂದು ಕೊಬ್ಬರಿ ವ್ಯಾಪಾರ. ಸಿಂಗಟಗೆರೆಯ ಮುದುಕರ ಗಂಟನ್ನು ಒಂದು ಭಾನುವಾರ ಮೇಷ್ಟ್ರ ಮನೆಯಲ್ಲಿ ನಾನೇ ಬಿಚ್ಚಿದೆ. ಅರವತ್ತರ ದಶಕದ ಪಟ್ಟಿ. ನಮ್ಮ ಮನೆ ಸಿಕ್ಕಿತು. ದೊಡ್ಡಜ್ಜ, ಅಂದರೆ ನನ್ನ ಅಜ್ಜನ ಅಣ್ಣ, ಮೊದಲ ಸಾಲಿನಲ್ಲಿದ್ದರು. ಎರಡನೇ ಸಾಲಿನಲ್ಲಿ ಅಜ್ಜ. ಮೂರನೇ ಸಾಲಿನಲ್ಲಿ ಅಜ್ಜಿ, ವಯಸ್ಸು ಇಪ್ಪತ್ತೆರಡು. ಅಜ್ಜಿಯ ಗಂಡನ ಕಾಲಂನಲ್ಲಿ ದೊಡ್ಡಜ್ಜನ ಹೆಸರು.

ದೊಡ್ಡಜ್ಜ ಮದುವೆಯೇ ಆಗಲಿಲ್ಲ, ಚಿಕ್ಕ ವಯಸ್ಸಿಗೇ ಮಠ ಸೇರಿ ಊರು ಬಿಟ್ಟರು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಮುಂದಿನ ಪಟ್ಟಿ ತೆಗೆದೆ. ಅದರಲ್ಲಿ ದೊಡ್ಡಜ್ಜ ಇಲ್ಲ. ಅಜ್ಜಿ ಅಜ್ಜನ ಹೆಂಡತಿ. ಅಪ್ಪ ಹುಟ್ಟಿದ್ದು ಈ ಎರಡು ಪಟ್ಟಿಗಳ ನಡುವೆ.

ಎರಡು ಸಾಧ್ಯತೆ ಇತ್ತು. ಒಂದು, ಮಧ್ಯಾಹ್ನದ ತಪ್ಪು: ಅಜ್ಜಿ ಗಂಡನ ಹೆಸರು ಹೇಳಿಲ್ಲ, ಬರೆಯುವವರು ಮನೆಯ ಯಜಮಾನನ ಹೆಸರನ್ನು ತುಂಬಿಕೊಂಡಿದ್ದಾರೆ. ಇನ್ನೊಂದು, ಅಜ್ಜಿಯನ್ನು ಮೊದಲು ದೊಡ್ಡಜ್ಜನಿಗೇ ಕೊಟ್ಟಿದ್ದರು. ಅವರು ಮಠಕ್ಕೆ ಹೊರಟುಹೋದ ಮೇಲೆ ತಮ್ಮನಿಗೆ ಕೂಡಿಕೆ, ಅಂದರೆ ಸದ್ದಿಲ್ಲದ ಎರಡನೇ ಮದುವೆ, ಮಾಡಿದರು. ಹಾಗೆ ಮಾಡುವುದು ಆಗ ಇತ್ತು, ಹೇಳಿಕೊಳ್ಳುವುದು ಇರಲಿಲ್ಲ. ಎರಡನೆಯದು ನಿಜವಾದರೆ ಅಪ್ಪ ಯಾರ ಮಗ? ನನ್ನನ್ನು ಮೊದಲ ಚರ್ಚಾಸ್ಪರ್ಧೆಗೆ ಕೈಹಿಡಿದು ಕರೆದುಕೊಂಡು ಹೋಗಿ, ಎರಡನೇ ಬಹುಮಾನ ಬಂದದ್ದಕ್ಕೆ ತೀರ್ಪುಗಾರರ ಜೊತೆ ಜಗಳವಾಡಿದ, ಈಗಿಲ್ಲದ ಅಜ್ಜ ನನಗೆ ಏನಾಗಬೇಕು?

“ಆ ಬೀದಿ ಪೂರ್ತಿ ನೋಡು” ಎಂದರು ಮೇಷ್ಟ್ರು. “ಒಟ್ಟು ಕುಟುಂಬ ಇರೋ ಮನೆಗಳ ಸೊಸೆಯಂದ್ರನ್ನ ಮಾತ್ರ. ಮುಂದಿನ ಪಟ್ಟೀಲಿ ಗಂಡನ ಹೆಸರು ಬದಲಾಗಿದ್ಯಾ ನೋಡು.”

ನೋಡಿದೆ. ಇನ್ನೆರಡು ಮನೆಗಳಲ್ಲಿ ಇದೇ ತಪ್ಪು ಆಗಿತ್ತು. ಉಳಿದ ಮನೆಗಳಲ್ಲಿ ಸರಿಯಾಗಿತ್ತು. ಅಂದರೆ ಬರೆದವರು ತಪ್ಪು ಮಾಡುತ್ತಿದ್ದರು, ಆದರೆ ಯಾವಾಗಲೂ ಅಲ್ಲ.

“ಹಾಗಾದ್ರೆ?”

“ಪಟ್ಟಿಗೆ ಗೊತ್ತಿರೋದು ಇಷ್ಟೇ ಕಣಮ್ಮ. ನಿಮ್ಮಜ್ಜಿ ಇದಾರಲ್ಲ.”

ಅಪ್ಪನಿಗೆ ಹೇಳಿದಾಗ ಅವರು ಕೊಬ್ಬರಿ ಮಂಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. “ಪಟ್ಟಿ ತಪ್ಪು ಕಣೇ. ಅಷ್ಟೇ. ನಮ್ಮನೆ ವಿಷ್ಯ ತಗೊಂಡು ಆ ಮೇಷ್ಟ್ರ ಮನೇಲಿ ಕೂತಿದ್ಯಲ್ಲ, ನಿಂಗೆ ಬುದ್ಧಿ ಬ್ಯಾಡ್ವಾ?” ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಅವರಿಗೂ ಅದೇ ಪ್ರಶ್ನೆ ಬಂದಿತ್ತು, ಕೇಳುವ ಧೈರ್ಯವಿರಲಿಲ್ಲ. ನನಗಿತ್ತು.

ಮರುದಿನ ಅಜ್ಜಿಯ ಮುಂದೆ ಆ ಪುಟದ ಫೋಟೋ ಹಿಡಿದೆ. ಮೂರೂ ಸಾಲನ್ನು ಓದಿದೆ. “ಇದು ನೀನೇ ತಾನೆ? ಹೌದಾ, ಇಲ್ವಾ? ಇದು ತಪ್ಪಾ, ಸರಿಯಾ? ಅಷ್ಟು ಹೇಳು ಸಾಕು” ಎಂದೆ.

ಅಜ್ಜಿ ಮೊಬೈಲನ್ನು ದೂರ ಹಿಡಿದು ನೋಡಿದಳು. “ಎಷ್ಟು ಸಣ್ಣಕ್ಷರ. ನಂಗೆ ಕಾಣ್ಸಲ್ಲ ಮಗಾ” ಎಂದಳು.

“ನಾನು ಓದಿದ್ನಲ್ಲ.”

“ಓದಿದ್ಯಲ್ಲ, ಮತ್ತೆ ನನ್ನೇನ್ ಕೇಳ್ತೀಯ” ಎಂದು ಎದ್ದು ದನಕ್ಕಿಡಲು ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಹೋದಳು. ಮತ್ತೆ ಎರಡು ಸಲ ಕೇಳಿದೆ. ಒಂದು ಸಲ ಕಿವಿ ಕೇಳಿಸಲಿಲ್ಲ, ಇನ್ನೊಂದು ಸಲ ನಿದ್ದೆ ಬಂತು.

ಚಳಿಗಾಲದಲ್ಲಿ ಕಣ್ಣು ತೋರಿಸಲು ಕಡೂರಿಗೆ ಬಂದ ಮೇಷ್ಟ್ರನ್ನು ನಾನೇ ಮನೆಗೆ ಕರೆದುಕೊಂಡು ಹೋದೆ. ಅಪ್ಪ ಮಂಡಿಗೆ ಹೋಗಿದ್ದರು. ಅಜ್ಜಿ ನಡುಮನೆಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಮೇಷ್ಟ್ರು ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತು, ಒಂದು ಹಿಡಿ ಅವರೆಕಾಯಿ ತಮ್ಮ ಕಡೆ ಎಳೆದುಕೊಂಡರು.

“ಅಯ್ಯೋ ನೀವ್ಯಾಕ್ ಮೇಷ್ಟ್ರೇ” ಎಂದಳು ಅಜ್ಜಿ.

“ನಮ್ಮನೇಲೂ ನಾನೇ ಸುಲಿಯೋದು. ರಿಟೈರಾದ್ಮೇಲೆ ಇದೇ ಡ್ಯೂಟಿ ಹಾಕಿದಾರೆ.”

ಅಜ್ಜಿ ನಕ್ಕಳು. ನಾನು ಪ್ರಶ್ನೆಗೆ ಪೀಠಿಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಚೀಲದಿಂದ ಆ ಪುಟ ತೆಗೆದು, “ಇದನ್ನ ಎರಡು ಪ್ರತಿ ಜೆರಾಕ್ಸ್ ಮಾಡಿಸ್ಕೊಂಡು ಬಾರಮ್ಮ” ಎಂದರು. ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋದರೆ ಕರೆಂಟಿರಲಿಲ್ಲ. ಬರುತ್ತದೆ ಬರುತ್ತದೆ ಎನ್ನುತ್ತಾ ಮುಕ್ಕಾಲು ಗಂಟೆ ನಿಲ್ಲಿಸಿದರು. ನನ್ನನ್ನು ಹೊರಗೆ ಕಳಿಸಿದ್ದಾರೆ ಎನ್ನುವುದು ಅಲ್ಲಿ ನಿಂತಾಗ ಹೊಳೆಯಿತು. ಪುಟ ವಾಪಸು ತೆಗೆದುಕೊಂಡು ಹೆಚ್ಚುಕಡಿಮೆ ಓಡಿಯೇ ಬಂದೆ.

ಮೊರ ಖಾಲಿಯಾಗಿತ್ತು. ಕಾಳೆಲ್ಲ ಪಾತ್ರೆಗೆ ಬಿದ್ದಿತ್ತು. ಅಜ್ಜಿ ಮಾತಾಡುತ್ತಿದ್ದಳು. ನಮ್ಮ ಜೊತೆ ಮಾತಾಡುವ ಹಾಗಲ್ಲ. ಕೈ ಬೀಸಿಕೊಂಡು, ನಡುನಡುವೆ ನಕ್ಕು, ಕಣ್ಣೊರೆಸಿಕೊಂಡು ಮತ್ತೆ ನಕ್ಕು. ಮೇಷ್ಟ್ರು “ಹೂಂ”, “ಆಮೇಲೆ?” ಇಷ್ಟೇ ಅನ್ನುತ್ತಿದ್ದರು. ನನ್ನ ಚಪ್ಪಲಿಯ ಸದ್ದು ಕೇಳಿದ್ದೇ ತಡ ಅಜ್ಜಿ ಸುಮ್ಮನಾಗಿ, “ಬಂದ್ಯಾ? ಮೇಷ್ಟ್ರಿಗೆ ಕಾಫಿ ಇಡು” ಎಂದಳು.

ಇಪ್ಪತ್ತಾರು ವರ್ಷ ನಾನು ಆ ಅಜ್ಜಿಯ ಪಕ್ಕದಲ್ಲಿ ಮಲಗಿದ್ದೇನೆ. ಆಕೆಯ ಮಾತ್ರೆಗಳ ಹೆಸರು, ಆಕೆಗೆ ಯಾವ ಸೊಸೆಯ ಮೇಲೆ ಯಾವ ಕಾರಣಕ್ಕೆ ಸಿಟ್ಟು ಎನ್ನುವುದು ನನಗೆ ಗೊತ್ತು. ಅಡುಗೆಮನೆಯಲ್ಲಿ ಕಾಫಿ ಉಕ್ಕುವುದನ್ನೇ ನೋಡುತ್ತ ನಿಂತಿದ್ದೆ, ಒಲೆ ಆರಿಸಬೇಕೆಂದು ತೋಚಲಿಲ್ಲ.

ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂರಿಸಿ ಪಾಟೀಸವಾಲಿಗೆ ಶುರುಮಾಡಿದೆ.

“ಏನ್ ಹೇಳಿದ್ರು?”

“ಅವರ ಕಾಲದ ವಿಷ್ಯ.”

“ಪಟ್ಟಿ ಸರಿನಾ, ತಪ್ಪಾ?”

“ಅದನ್ನ ಅವರು ಹೇಳ್ಬೇಕು ಕಣಮ್ಮ.”

“ಹೇಳಿದಾರಲ್ಲ, ನಿಮ್ಗೆ.”

“ನಂಗೆ ಹೇಳಿದ್ರು” ಎಂದು ಒಪ್ಪಿಕೊಂಡರು. ಸುಳ್ಳು ಹೇಳಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ನಾನು ಬಿಡಲಿಲ್ಲ. ಇದು ನನ್ನ ವಂಶ, ನನ್ನ ರಕ್ತ, ನನಗೆ ತಿಳಿಯುವ ಹಕ್ಕಿದೆ, ನೀವು ಹೊರಗಿನವರು, ತರೀಕೆರೆ, ಅಜ್ಜಂಪುರದ ಜನರಿಗೆಲ್ಲ ಹಂಚಿದವರು ನನಗೊಬ್ಬಳಿಗೆ ಬಾಗಿಲು ಹಾಕುವುದು ಯಾವ ನ್ಯಾಯ ಎಂದೆ. ಹೊರಗಿನವರು ಎಂದದ್ದು ಬಾಯಿಂದ ಜಾರಿದ್ದಲ್ಲ, ಚುಚ್ಚಲೆಂದೇ ಹೇಳಿದ್ದು.

“ನೀನು ಅಜ್ಜೀನ ಹೆಂಗ್ ಕೇಳ್ದೆ?” ಎಂದರು ಮೇಷ್ಟ್ರು.

ಹೇಗೆ ಕೇಳಿದೆನೋ ಹಾಗೇ ಹೇಳಿದೆ. ಫೋಟೋ ಹಿಡಿದದ್ದು, ಓದಿದ್ದು, ಹೌದಾ ಇಲ್ಲವಾ ಎಂದದ್ದು. ಹೇಳುತ್ತಾ ಹೇಳುತ್ತಾ ನನಗೇ ಬೂತಿನಲ್ಲಿ ಜೋರಾಗಿ ಓದಿದವರ ನೆನಪಾಯಿತು. ಗಾಡಿ ಬಂತು. ಮೇಷ್ಟ್ರು ಚೀಲ ಹೆಗಲಿಗೇರಿಸಿ, “ಕಾಫಿ ಚೆನ್ನಾಗಿತ್ತು” ಎಂದು ಹತ್ತಿದರು. ಕಾಫಿ ಸೀದಿತ್ತು.

ಅದಾದ ಮೇಲೆ ನಾನು ಅಜ್ಜಂಪುರಕ್ಕೆ ಹೋಗಲಿಲ್ಲ. ಅವರು ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ಕೋರ್ಟಿನ ಕೆಲಸವಿತ್ತು ಎಂದು ಯಾರಾದರೂ ಕೇಳಿದರೆ ಹೇಳಬಹುದು, ಯಾರೂ ಕೇಳಲಿಲ್ಲ. ಮೂರನೇ ಫೋನು ಅವರ ಮಗಳದು. ಬೆಳಿಗ್ಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ ಎಂದಳು.

ಸಂತಾಪ ಸಭೆಗೆ ಬರುತ್ತೇನೆಂದು ಹಟ ಹಿಡಿದವಳು ಅಜ್ಜಿ. ಮಂಡಿನೋವು, ಬಸ್ಸಿನ ನೂಕುನುಗ್ಗಲು, ಬೇಡವೆಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಸಲ ಭೇಟಿಯಾದ ಮನುಷ್ಯನಿಗಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಕೊನೆಯಲ್ಲಿ ಇನ್ಯಾರಾದರೂ ಮಾತಾಡುವವರಿದ್ದೀರಾ ಎಂದು ಕೇಳಿದಾಗ ನಾನು ಎದ್ದೆ. ಎಂಥ ವೇದಿಕೆಯಲ್ಲೂ ಐದು ನಿಮಿಷ ತಡವರಿಸದೆ ಮಾತಾಡಬಲ್ಲೆ. ವಾದವೂ ಸಿದ್ಧವಿತ್ತು: ಇವರು ಎಲ್ಲರಿಗೂ ಎಲ್ಲವನ್ನೂ ಕೊಡಲಿಲ್ಲ, ಒಬ್ಬ ಹೆಂಗಸಿನ ಮಾತನ್ನು ತಮ್ಮಲ್ಲೇ ಉಳಿಸಿಕೊಂಡರು. ಇದನ್ನು ದೂರಾಗಿ ಹೇಳಬೇಕೋ ಹೊಗಳಿಕೆಯಾಗಿ ಹೇಳಬೇಕೋ ಎನ್ನುವುದು ಮೈಕಿನ ಮುಂದೆ ನಿಂತಾಗಲೂ ತೀರ್ಮಾನವಾಗಲಿಲ್ಲ. “ಅವರು ನನಗೆ ಪಟ್ಟಿ ಓದುವುದನ್ನು ಕಲಿಸಿದರು” ಎಂದಷ್ಟೇ ಹೇಳಿ ಇಳಿದುಬಿಟ್ಟೆ. ನಾನು ಬಂದು ಕೂರುವಷ್ಟರಲ್ಲಿ ಅಜ್ಜಿ ಎದ್ದು, ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಹೆಂಡತಿಯ ಪಕ್ಕ ಹೋಗಿ ಕೂತಿದ್ದಳು. ಅಜ್ಜಿಯ ಕೈ ಆಕೆಯ ಮಡಿಲಲ್ಲಿತ್ತು.

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತಾ ಕೂತೆವು. ಯಾವುದೋ ಬಸ್ಸು ಬಂದು ಜನ ಕಿಟಕಿಯಿಂದ ಸೀಟಿಗೆ ಟವೆಲು ಎಸೆಯುತ್ತಿದ್ದರು. ಅಜ್ಜಿ ಅದನ್ನೇ ನೋಡುತ್ತಿದ್ದಳು. ಪಟ್ಟಿ ಸರಿಯೋ ತಪ್ಪೋ ಎಂದು ಈಗ ಕೇಳಬಹುದಿತ್ತು. ಕೇಳಿದರೆ ಮತ್ತೆ ಕಿವಿ ಕೇಳಿಸುವುದಿಲ್ಲ ಎನ್ನುವುದೂ ಗೊತ್ತಿತ್ತು. ಅದನ್ನು ಬಿಟ್ಟೆ. ಚೀಲ ತೊಡೆಯಿಂದ ಇಳಿಸಿ ಅವಳ ಕಡೆ ತಿರುಗಿದೆ.

“ಅಜ್ಜಿ, ಅವತ್ತು ಅವರೆಕಾಯಿ ಸುಲೀತಾ ಮೇಷ್ಟ್ರು ನಿನ್ನ ಏನಂತ ಕೇಳಿದ್ರು?”